ಫ್ರೇಜರ್‌ಪೇಟೆಯಿಂದ ಬಾವುಟಗುಡ್ಡೆಗೆ: ಅಪ್ಪನ ಜೊತೆ ಐದು ದಿನ

ಅಪ್ಪ ರೆವೆನ್ಯೂ ಇಲಾಖೇಲಿ ಶಿರಸ್ತೇದಾರ್ ಆಗಿ ರಿಟೈರ್ ಆದೋರು. ಎಂಬತ್ತರ ದಶಕದಲ್ಲಿ ಮೂರು ವರ್ಷ ವಿರಾಜಪೇಟೆ ತಾಲೂಕು ಆಫೀಸಲ್ಲಿದ್ರು, ನಾನಿನ್ನೂ ಹುಟ್ಟಿರಲಿಲ್ಲ. ಕೊಡಗು ಅಂದ್ರೆ ಎಲ್ಲರಿಗೂ ಮಂಜು, ಕಾಫಿ, ಅಬ್ಬಿ ಫಾಲ್ಸ್ ನೆನಪಾದ್ರೆ ಇವರಿಗೆ ಮಾತ್ರ ಜಮ್ಮಾ, ಸಾಗು, ಬಾಣೆ, ಪಟ್ಟೆದಾರ ಅನ್ನೋ ಅಲ್ಲಿನ ಜಮೀನು ಲೆಕ್ಕದ ಪದಗಳು. "ಒಂದು ಸಲ ಸರಿಯಾಗಿ ತೋರಿಸ್ತೀನಿ ಬಾರೋ, ನಿಮ್ಮ ರೆಸಾರ್ಟ್ ಕೊಡಗು ಅಲ್ಲ" ಅಂತ ಹತ್ತು ವರ್ಷದಿಂದ ಹೇಳ್ತಾನೇ ಇದ್ರು, ಈ ಜನವರೀಲಿ ಕೊನೆಗೂ ಐದು ದಿನ ರಜಾ ಹಾಕಿ ಹೊರಟೇಬಿಟ್ವಿ, ಅಮ್ಮ ಮಾತ್ರ "ನಿಮ್ಮಿಬ್ಬರ ಕಂದಾಯದ ಮಾತು ಕೇಳೋಕೆ ನಾನು ಅಷ್ಟು ದೂರ ಬರಲ್ಲ" ಅಂತ ಮನೇಲೇ ಉಳ್ಕೊಂಡ್ರು.

ಮೊದಲ ದಿನ: ಮೈಸೂರು ಬಿಟ್ಟಿದ್ದು

ಬೆಳಗ್ಗೆ ಏಳಕ್ಕೆ ಹೊರಟು ಹುಣಸೂರಲ್ಲಿ ಇಡ್ಲಿ ತಿಂದ್ವಿ. ಪಿರಿಯಾಪಟ್ಟಣ ದಾಟುವಾಗ ಅಪ್ಪ ಕಥೆ ಶುರು ಮಾಡಿದ್ರು. ಕೊಡಗನ್ನ 1834ರವರೆಗೆ ಸುಮಾರು ಇನ್ನೂರು ವರ್ಷಕ್ಕೂ ಹೆಚ್ಚು ಆಳಿದ್ದು ಹಾಲೇರಿ ರಾಜರು, ಲಿಂಗಾಯತರು. 1780ರ ಸುಮಾರಿಗೆ ಹೈದರಾಲಿ ಕೊಡಗನ್ನ ತಗೊಂಡು ರಾಜನ ಮಕ್ಕಳನ್ನ ಮೊದಲು ಗೊರೂರು ಕೋಟೇಲಿ ಇಟ್ಟ, ಆಮೇಲೆ ಟಿಪ್ಪು ಕಾಲದಲ್ಲಿ ಅವರು ಬಂದಿದ್ದು ಇದೇ ಪಿರಿಯಾಪಟ್ಟಣದ ಕೋಟೆಗೆ. ಅಲ್ಲಿಂದ 1788ರಲ್ಲಿ ತಪ್ಪಿಸ್ಕೊಂಡು ಹೋದೋನೇ ದೊಡ್ಡ ವೀರರಾಜೇಂದ್ರ. ಎರಡು ವರ್ಷ ಕಳೆದು 1790ರಲ್ಲಿ ತಲಶ್ಶೇರಿಯ ಇಂಗ್ಲಿಷರ ಜೊತೆ ಒಪ್ಪಂದ ಮಾಡ್ಕೊಂಡ. ಟಿಪ್ಪು ಮೇಲೆ ಯುದ್ಧಕ್ಕೆ ಹೊರಟ ಈಸ್ಟ್ ಇಂಡಿಯಾ ಕಂಪನಿ ಸೈನ್ಯಕ್ಕೆ ದಾರಿ ಬಿಟ್ಟ, ಅಕ್ಕಿ ಕೊಟ್ಟ, ಎತ್ತು ಕೊಟ್ಟ.

"ನಮ್ಮ ಮೈಸೂರಿನ ಕಾಟ ತಡೀಲಾರದೆ ಅವನು ಇಂಗ್ಲಿಷರ ಕೈ ಹಿಡಿದ, ಗೊತ್ತಾಯ್ತಾ" ಅಂದ್ರು ಅಪ್ಪ, ಮೈಸೂರಿನೋರಾಗಿ ಸ್ವಲ್ಪ ಮುಜುಗರದಲ್ಲೇ. ಟಿಪ್ಪು ಕಾಲದಲ್ಲಿ ಕೊಡಗಿಂದ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಜನರ ಲೆಕ್ಕದ ಬಗ್ಗೆ ಇವತ್ತಿಗೂ ಜಗಳ ಇದೆ, ನಾನು ಅದಕ್ಕೆ ಕೈ ಹಾಕಲ್ಲ. ಆದ್ರೆ ಜನರನ್ನ ಸಾಗಿಸಿದ್ದಂತೂ ನಿಜ, ಆ ಭಯ ಇಲ್ಲದೇ ಇದ್ದಿದ್ರೆ ಈ ಬೆಟ್ಟದ ಸೀಮೆಗೆ ಕಂಪನಿ ಅಷ್ಟು ಸಲೀಸಾಗಿ ಒಳಗೆ ಬರ್ತಿರಲಿಲ್ಲ ಅನ್ಸುತ್ತೆ.

ಬೈಲಕುಪ್ಪೆ ದಾಟಿ ಕಾವೇರಿ ಸೇತುವೆ ಮೇಲೆ ಬಂದ ತಕ್ಷಣ ಅಪ್ಪ "ಇದು ಫ್ರೇಜರ್‌ಪೇಟೆ" ಅಂದ್ರು. ಬೋರ್ಡಲ್ಲಿ ಕುಶಾಲನಗರ ಅಂತ ಇತ್ತು. ಹೈದರ್ ಇಲ್ಲಿದ್ದಾಗ ಮಗ ಹುಟ್ಟಿದ ಸುದ್ದಿ ಬಂತು, ಖುಷಿಯಾಗಿ ಈ ಹೆಸರಿಟ್ಟ ಅಂತ ಒಂದು ಕಥೆ ಎಲ್ಲರೂ ಹೇಳ್ತಾರೆ, ಟಿಪ್ಪು ಹುಟ್ಟಿದ್ದು 1750ರಲ್ಲಿ ದೇವನಹಳ್ಳೀಲಿ, ಹೈದರ್ ಕೊಡಗಿನ ಕಡೆ ಬಂದಿದ್ದೇ ಎಷ್ಟೋ ವರ್ಷದ ಮೇಲೆ, ಆದ್ರೂ ಕಥೆ ಮಾತ್ರ ಸಾಯಲ್ಲ. ಇಂಗ್ಲಿಷರು ಬಂದ ಮೇಲೆ ಕರ್ನಲ್ ಫ್ರೇಜರ್ ಹೆಸರಲ್ಲಿ ಊರು ಫ್ರೇಜರ್‌ಪೇಟೆ ಆಯ್ತು. ಕೊಡಗನ್ನ ಕಂಪನಿಗೆ ಸೇರಿಸ್ಕೊಂಡ ಘೋಷಣೆ ಹೊರಡಿಸಿದ ಪೊಲಿಟಿಕಲ್ ಏಜೆಂಟ್ ಇವನೇ. ಟೀ ಅಂಗಡಿಯಲ್ಲಿ ಒಬ್ಬ ಹುಡುಗನ್ನ ಕೇಳಿದೆ, "ಫ್ರೇಜರಾ? ಅದು ಬೆಂಗಳೂರಲ್ಲಿ ಅಲ್ವಾ ಸಾರ್" ಅಂದ.

ಮಡಿಕೇರಿ ಹತ್ತಿರದ ಹೋಂಸ್ಟೇ ತಲುಪೋವಷ್ಟರಲ್ಲಿ ಸಂಜೆ ಆಗಿತ್ತು, ಚಳಿ ಮೂಳೆಗೆ ಇಳೀತಿತ್ತು. ಮನೆಯವರು ಕೊಡವರು, ಅಪ್ಪನ ವಯಸ್ಸಿನ ಯಜಮಾನರು, ಮಿಲಿಟರಿ ರಿಟೈರ್ಡ್. ಹಾಲಿನ ಗೋಡೆ ಮೇಲೆ ಕೋವಿ. ಲೈಸೆನ್ಸ್ ಮಾತು ತೆಗೆದಿದ್ದೇ ತಡ ಅವರು ಬೀರುವಿಂದ ಒಂದು ಪ್ಲಾಸ್ಟಿಕ್ ಕವರ್ ತಂದ್ರು, ಒಳಗೆ ವಿನಾಯಿತಿ ಪತ್ರ. ದೇಶದಲ್ಲಿ ಬೇರೆ ಯಾರಿಗೇ ಆದ್ರೂ ಕೋವಿಗೆ ಲೈಸೆನ್ಸ್ ಬೇಕು, ಕೊಡವರಿಗೆ ಮತ್ತೆ ಜಮ್ಮಾ, ಅಂದ್ರೆ ರಾಜನ ಚಾಕರಿಗೆ ಅಂತ ಕೊಟ್ಟ ಜಮೀನಿನ ಹಿಡುವಳಿದಾರರಿಗೆ ಬೇಡ, ಇದು 1861ರಲ್ಲಿ ಮಾರ್ಕ್ ಕಬ್ಬನ್ ಕಾಲದಲ್ಲಿ ಕೊಟ್ಟ ವಿನಾಯಿತಿಯ ಮುಂದುವರಿಕೆ. 1857ರ ದಂಗೆ ಆದ್ಮೇಲೆ ಇಡೀ ದೇಶದ ಕೈಯಿಂದ ಆಯುಧ ಕಿತ್ಕೊಳ್ತಾ ಇದ್ದ ಕಾಲದಲ್ಲಿ ಇವರ ಕೈಲಿ ಮಾತ್ರ ಬಿಟ್ರು. ನಂಬಿಕಸ್ಥರು ಅಂತ.

"ಯಾಕೆ ಅಷ್ಟು ನಂಬಿದ್ರು ಸಾರ್?" ಅಂದೆ.

ಅವರು ಅಪ್ಪನ ಮುಖ ನೋಡಿ ನಕ್ಕು, "ಅದು ನಾಳೆ ಕೋಟೆಯಲ್ಲಿ ಗೊತ್ತಾಗ್ತದೆ, ಈಗ ಊಟ ಮಾಡಿ" ಅಂದ್ರು. ನೂಲ್‌ಪುಟ್ಟು ಜೊತೆ ಅಪ್ಪನಿಗೆ ತರಕಾರಿ ಸಾರು, ನನಗೆ ಪಂದಿ ಕರಿ.

ಎರಡನೇ ದಿನ: ಕೋಟೆ, ಗದ್ದಿಗೆ

ಮಡಿಕೇರಿ ಕೋಟೆ ಒಂದು ಕಟ್ಟಡ ಅಲ್ಲ, ಒಬ್ಬರ ಮೇಲೆ ಒಬ್ಬರು ಬಂದು ಕೂತ ಜಾಗ. 1681ರಲ್ಲಿ ಮುದ್ದುರಾಜ ಹಾಲೇರಿಯಿಂದ ರಾಜಧಾನೀನ ಇಲ್ಲಿಗೆ ತಂದಾಗ ಮಣ್ಣಿನ ಕೋಟೆ, ಟಿಪ್ಪು ಅದನ್ನ ಕಲ್ಲಲ್ಲಿ ಕಟ್ಟಿ ಜಾಫರಾಬಾದ್ ಅಂತ ಹೆಸರಿಟ್ಟ, ಆಮೇಲೆ ಇಮ್ಮಡಿ ಲಿಂಗರಾಜ 1812ರಿಂದ 1814ರ ಹೊತ್ತಿಗೆ ಅರಮನೇನ ಹೊಸದಾಗಿ ಕಟ್ಟಿಸಿದ. ಇಂಗ್ಲಿಷರು ಬಂದು ಅರಮನೆಯನ್ನ ಆಫೀಸ್ ಮಾಡ್ಕೊಂಡ್ರು, ಸ್ವಾತಂತ್ರ್ಯ ಬಂದ ಮೇಲೂ ನಮ್ಮ ಸರ್ಕಾರ ಅದನ್ನೇ ಮುಂದುವರಿಸ್ತು. ಅಪ್ಪ ಒಂದು ಕಿಟಕಿ ಕಡೆ ಕೈ ತೋರಿಸಿ "ಮೀಟಿಂಗ್‌ಗೆ ಬಂದಾಗ ಅಲ್ಲಿ ಬೆಂಚ್ ಮೇಲೆ ಗಂಟೆಗಟ್ಲೆ ಕಾಯ್ತಾ ಇದ್ದೆ" ಅಂದ್ರು. ಅಂಗಳದ ಮೂಲೇಲಿ ನಿಜವಾದ ಆನೆ ಅಳತೆಯ ಎರಡು ಗಾರೆ ಆನೆಗಳಿವೆ, ಮಕ್ಕಳೆಲ್ಲ ಸೊಂಡಿಲು ಹಿಡ್ಕೊಂಡು ಫೋಟೋ ತೆಗೆಸ್ಕೊಳ್ತಾ ಇದ್ರು.

ನನಗೆ ಜಾಸ್ತಿ ಹೊತ್ತು ಬೇಕಾಗಿದ್ದು ಮ್ಯೂಸಿಯಂ ಮುಂದೆ. ಅದು ಮೊದಲು ಚರ್ಚು, ಸೇಂಟ್ ಮಾರ್ಕ್ಸ್, 1850ರ ದಶಕದ್ದು. ಅದಕ್ಕೂ ಮೊದಲು ಆ ಜಾಗದಲ್ಲಿ ವೀರಭದ್ರನ ಗುಡಿ ಇತ್ತು, ಅದನ್ನ ತೆಗೆದು ಚರ್ಚ್ ಕಟ್ಟಿದ್ರು. ಈಗ ಅದೇ ಚೂಪು ಕಮಾನಿನ ಕಿಟಕಿಗಳ ಕೆಳಗೆ ಹಳೇ ವಿಗ್ರಹಗಳು, ವೀರಗಲ್ಲುಗಳು ಸಾಲಾಗಿ ಕೂತಿವೆ, ಬಣ್ಣದ ಗಾಜಿಂದ ಬಿಸಿಲು ಅವುಗಳ ಮೇಲೆ ಬೀಳುತ್ತೆ, ಒಂದು ಕಲ್ಲಿನ ಮುಖದ ಅರ್ಧ ಭಾಗ ಕೆಂಪಗೆ ಆಗಿತ್ತು. ದೇವರನ್ನ ಓಡಿಸಿ ಕಟ್ಟಿದ ಕಟ್ಟಡಕ್ಕೆ ಪುರಾತತ್ವ ಇಲಾಖೆಯವರು ದೇವರುಗಳನ್ನೇ ವಾಪಸ್ ತಂದು ಕೂರಿಸಿದ್ದಾರೆ, ಒಳಗೆ ಟಿಕೆಟ್ ನಂಬರ್ ಥರ ಅವಕ್ಕೂ ಒಂದೊಂದು ನಂಬರು.

ಕೋಟೆ ಗೋಡೆ ಮೇಲೆ ಕೂತು ಅಪ್ಪ 1834ರ ಕಥೆ ಹೇಳಿದ್ರು. ಕೊನೇ ರಾಜ ಚಿಕ್ಕವೀರರಾಜೇಂದ್ರ, 1820ರಲ್ಲಿ ಪಟ್ಟಕ್ಕೆ ಬಂದೋನು. ಸಂಬಂಧಿಕರನ್ನೇ ಕೊಲ್ಲಿಸಿದ ಅಂತ ಅವನ ಮೇಲೆ ಆರೋಪ. ತಂಗಿ ದೇವಮ್ಮಾಜಿ, ಭಾವ ಚನ್ನಬಸಪ್ಪ ಜೀವ ಉಳಿಸ್ಕೊಳ್ಳೋಕೆ ಮೈಸೂರಲ್ಲಿದ್ದ ಕಂಪನಿ ಪ್ರತಿನಿಧಿ, ಅಂದ್ರೆ ರೆಸಿಡೆಂಟ್ ಹತ್ರ ಓಡಿಹೋದ್ರು, ರಾಜ ಅವರನ್ನ ವಾಪಸ್ ಕೊಡಿ ಅಂದ, ಕಂಪನಿ ಕೊಡಲ್ಲ ಅಂತು. ಏಪ್ರಿಲ್ ಮೊದಲ ವಾರ ನಾಲ್ಕು ದಿಕ್ಕಿಂದ ಸೈನ್ಯ ಒಳಗೆ ಬಂತು. ಇಲ್ಲಿ ನಾನು ಅಂದ್ಕೊಂಡಿದ್ದು, ಕೊಡಗಿನೋರು ಸೋತ್ರು ಅಂತ. ಹಾಗಲ್ಲ. ಉತ್ತರದ ಕಡೆಯಿಂದ ಬಂದ ಸೈನ್ಯ ಸೋಮವಾರಪೇಟೆ ಕಡೆಯ ತಡೆಗೋಟೆ ಮುಂದೆ ಪೆಟ್ಟು ತಿಂದು ಹಿಂದೆ ಸರೀತು, ಕರ್ನಲ್ ಮಿಲ್ ಅಲ್ಲೇ ಸತ್ತ, ಕುಂಬಳೆ ಕಡೆಯಿಂದ ಬಂದವರೂ ವಾಪಸ್ ಹೋದ್ರು. ಅಷ್ಟೊತ್ತಿಗೆ ರಾಜನಿಗೇ ಧೈರ್ಯ ಹೋಗಿತ್ತು, ಜನ ಹೊಡೆದಾಡ್ತಾ ಇದ್ರೆ ಅವನು ನಾಲ್ಕುನಾಡು ಅರಮನೆಗೆ ಹೋಗಿ ಕೂತಿದ್ದ. 6ನೇ ತಾರೀಕು ಈ ಕೋಟೆ ಮೇಲೆ ಕಂಪನಿ ಬಾವುಟ ಏರ್ತು, 10ಕ್ಕೆ ರಾಜ ಶರಣಾದ.

ಮೇ 7ಕ್ಕೆ ಫ್ರೇಜರ್ ಘೋಷಣೆ. ಕೊಡಗಿನ ಜನ ಎಲ್ಲರೂ ಒಮ್ಮತದಿಂದ ಕಂಪನಿ ಆಶ್ರಯ ಬಯಸಿರೋದ್ರಿಂದ ಈ ಸೀಮೆ ಕಂಪನಿಗೆ ಸೇರಿದೆ, ಇನ್ನು ಯಾವತ್ತೂ ದೇಶೀ ರಾಜರ ಆಳ್ವಿಕೆಗೆ ಒಪ್ಪಿಸಲ್ಲ, ನಿಮ್ಮ ಧರ್ಮ ಪದ್ಧತಿಗೆ ಕೈ ಹಾಕಲ್ಲ ಅನ್ನೋದು ಅದರ ಸಾರ.

"ಒಮ್ಮತದಿಂದ" ಅನ್ನೋ ಪದ ಹೇಳುವಾಗ ಅಪ್ಪ ಸ್ವಲ್ಪ ಎಳೆದ್ರು. "ನಾನೂ ಎಷ್ಟೋ ಗ್ರಾಮಸಭೆ ನಡವಳಿ ಬರ್ದಿದ್ದೀನಿ ಕಣೋ, ಸರ್ವಾನುಮತದಿಂದ ತೀರ್ಮಾನಿಸಲಾಯಿತು ಅಂತ. ಬಂದಿರೋರು ಎಷ್ಟು ಜನ ಅಂತ ಯಾರು ಎಣಿಸ್ತಾರೆ?"

ಇದೇ ಕೋಟೆಯಲ್ಲಿ, ಆ ಘೋಷಣೆ ಆಗಿ ಮೂರೂವರೆ ವರ್ಷಕ್ಕೆ, 1837ರ ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯಗೌಡರನ್ನ ಗಲ್ಲಿಗೇರಿಸಿದ್ರು. ಊರಲ್ಲಿ ಅವರ ಪ್ರತಿಮೆ ಇದೆ. ಆ ಕಥೆಗೆ ಕೊನೇ ದಿನ ಬರ್ತೀನಿ, ಅಪ್ಪನೂ ಹಾಗೇ ಕಾಯಿಸಿದ್ರು.

ಮಧ್ಯಾಹ್ನ ಗದ್ದಿಗೆಗೆ, ಅಂದ್ರೆ ರಾಜರ ಸಮಾಧಿಗಳಿಗೆ ಹೋದ್ವಿ. ರಾಜಾಸೀಟಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ, ಇಲ್ಲಿ ನಾವಿಬ್ಬರು, ಒಂದು ನಾಯಿ. ಗುಮ್ಮಟ ನೋಡಿದ್ರೆ ಮುಸ್ಲಿಂ ಸಮಾಧಿ ಅನ್ಸುತ್ತೆ, ಮೂಲೆಗಳಲ್ಲಿ ಬಸವ ಕೂತಿರೋದು ನೋಡಿದ್ಮೇಲೇ ಲಿಂಗಾಯತ ರಾಜರದ್ದು ಅಂತ ಗೊತ್ತಾಗೋದು. ದೊಡ್ಡ ವೀರರಾಜೇಂದ್ರ ಮತ್ತೆ ಅವನ ರಾಣಿ ಮಹದೇವಮ್ಮ ಇಲ್ಲಿದ್ದಾರೆ, ಲಿಂಗರಾಜ ಇದ್ದಾನೆ. ಕೊನೇ ರಾಜನ ಸಮಾಧಿ ಇಲ್ಲ. ಅವನನ್ನ ಹೂಳಿದ್ದು ಲಂಡನ್ನಿನ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ.

ಮೂರನೇ ದಿನ: ನಾಲ್ಕುನಾಡು

ನಾಪೋಕ್ಲು ಮೇಲೆ ಕಕ್ಕಬ್ಬೆ. ಕೊನೆ ಏರಲ್ಲಿ ಕ್ಲಚ್ ಸುಟ್ಟ ವಾಸನೆ ಬಂದು ಅರ್ಧ ಗಂಟೆ ಕಾರು ನಿಲ್ಲಿಸಿ ಕೂರ್ಬೇಕಾಯ್ತು, ಅಪ್ಪ ಆರಾಮಾಗಿ ಕಿತ್ತಳೆ ಸುಲಿದು ತಿಂದ್ರು. ಎದುರಿಗೆ ತಡಿಯಂಡಮೋಳು, ಇಷ್ಟು ಹತ್ತಿರದಿಂದ ನೋಡಿದ್ರೆ ಕತ್ತು ನೋಯುತ್ತೆ.

ನಾಲ್ಕುನಾಡು ಅರಮನೆ ಅಂತ ಕೇಳಿ ದೊಡ್ಡದೇನೋ ಅಂದ್ಕೊಂಡು ಬಂದ್ರೆ ಇದು ಹೆಂಚಿನ, ಎರಡಂತಸ್ತಿನ, ದೊಡ್ಡ ಮನೆ ಅಷ್ಟೇ. ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ್ದು, ಶತ್ರು ಬಂದ್ರೆ ಬಚ್ಚಿಟ್ಟುಕೊಳ್ಳೋಕೆ ಬೆಟ್ಟದ ಬುಡದಲ್ಲಿ. ಮುಂದೆ ಪುಟ್ಟ ಮಂಟಪ, 1796ರಲ್ಲಿ ಅವನು ಮಹದೇವಮ್ಮನ್ನ ಮದುವೆಯಾಗಿದ್ದು ಅದರಲ್ಲೇ. ಒಳಗೆ ಕತ್ತಲು, ಮರದ ಕಂಬಗಳಲ್ಲಿ ಕೆತ್ತನೆ, ಗೋಡೆ ಮೇಲೆ ಮಾಸಿದ ಚಿತ್ರಗಳು. ಮೊಬೈಲ್ ಟಾರ್ಚ್ ಹಾಕಿದ್ರೆ ಒಂದು ಕುದುರೆಯ ಕಾಲು, ಯಾರದೋ ಪೇಟದ ಅಂಚು, ಅದರ ಪಕ್ಕದಲ್ಲೇ ಯಾರೋ ಮಹಾನುಭಾವರು ಮೊಳೇಲಿ ಕೆತ್ತಿದ ಪ್ರೇಮ ನಿವೇದನೆ.

ಚಿಕ್ಕವೀರರಾಜ ಸ್ವತಂತ್ರನಾಗಿ ಕಳೆದ ಕೊನೇ ದಿನಗಳು ಇಲ್ಲೇ. ಅವನ ದಿವಾನ ಕುಂಟ ಬಸವ ಹೆಣವಾಗಿ ಸಿಕ್ಕಿದ. ರಾಜನ್ನ ವೆಲ್ಲೂರಿಗೆ, ಆಮೇಲೆ ಕಾಶಿಗೆ ಕಳ್ಸಿದ್ರು. ಅಲ್ಲಿಂದ 1852ರಲ್ಲಿ ಮಗಳು ಗೌರಮ್ಮನ್ನ ಕರ್ಕೊಂಡು ಲಂಡನ್‌ಗೆ ಹೋದ, ಯಾಕೆ ಗೊತ್ತಾ, ಕಂಪನಿ ಮೇಲೇ ಕೇಸ್ ಹಾಕೋಕೆ. ಹಾಲೇರಿ ರಾಜರು ಕಂಪನಿ ಸಾಲಪತ್ರದಲ್ಲಿ ಹಣ ಇಟ್ಟಿದ್ರು, ಯುದ್ಧ ಆದ್ಮೇಲೆ ಕಂಪನಿ ಅದು ನಮ್ಮದು ಅಂತು. ರಾಜ್ಯ ಕಿತ್ಕೊಂಡೋರ ಊರಿಗೇ ಹೋಗಿ, ಅವರದೇ ಕೋರ್ಟಲ್ಲಿ, ನನ್ನ ಬಾಂಡ್ ವಾಪಸ್ ಕೊಡಿ ಅಂದ. ಅಪ್ಪನಿಗೆ ಈ ಒಂದು ವಿಷಯಕ್ಕೆ ಮಾತ್ರ ಅವನ ಮೇಲೆ ಗೌರವ, "ದಾಖಲೆ ಬಿಡಲಿಲ್ಲ ನೋಡು" ಅಂತಾರೆ. ಕೇಸಿಂದ ಏನೂ ಗಿಟ್ಟಲಿಲ್ಲ, 1859ರಲ್ಲಿ ಲಂಡನ್ನಲ್ಲೇ ಸತ್ತ.

ಗೌರಮ್ಮಂಗೆ 1852ರ ಜೂನ್ 30ರಂದು ಬಕಿಂಗ್‌ಹ್ಯಾಮ್ ಅರಮನೇಲಿ ದೀಕ್ಷಾಸ್ನಾನ, ಧರ್ಮತಾಯಿ ಸ್ವತಃ ವಿಕ್ಟೋರಿಯಾ ರಾಣಿ, ಹೆಸರು ವಿಕ್ಟೋರಿಯಾ ಗೌರಮ್ಮ. ಆಗ ಅವಳಿಗೆ ಸುಮಾರು ಹನ್ನೊಂದು ವರ್ಷ. ಕಾಶೀಲಿ ಹುಟ್ಟಿದೋಳು, ಕೊಡಗನ್ನ ಕಣ್ಣಲ್ಲಿ ನೋಡಲೇ ಇಲ್ಲ. 1860ರಲ್ಲಿ ತನ್ನ ಎರಡರಷ್ಟಕ್ಕಿಂತ ಜಾಸ್ತಿ ವಯಸ್ಸಿನ ಕರ್ನಲ್ ಕ್ಯಾಂಪ್‌ಬೆಲ್ ಜೊತೆ ಮದುವೆ, 1864ರಲ್ಲಿ ಸತ್ತೇ ಹೋದ್ಲು. ಆ ಮಂಟಪದ ಮೆಟ್ಟಿಲ ಮೇಲೆ ಕೂತಿದ್ದಾಗ ಇದನ್ನೆಲ್ಲ ಕೇಳಿ, ನನಗೂ ಹನ್ನೊಂದರ ಮಗಳಿರೋದಕ್ಕೋ ಏನೋ, ಹೊಟ್ಟೇಲಿ ಒಂಥರಾ ಆಯ್ತು. ವಾಪಸ್ ಬರ್ತಾ ಇಬ್ಬರೂ ಜಾಸ್ತಿ ಮಾತಾಡ್ಲಿಲ್ಲ. ಕ್ಲಚ್ಚೂ ಸುಮ್ಮನಿತ್ತು, ಪುಣ್ಯ.

ನಾಲ್ಕನೇ ದಿನ: ಕಾಫಿ ಕಣ, ಕಂದಾಯದ ಕಾಗದ

ಅಮ್ಮತ್ತಿ, ಪಾಲಿಬೆಟ್ಟ ಕಡೆ. ಕೊಯ್ಲಿನ ಸಮಯ, ದಾರಿಯುದ್ದಕ್ಕೂ ಕಣದಲ್ಲಿ ಕಾಫಿ ಹರವಿದ್ರು, ಹಣ್ಣು ಕೊಳೆತು ಒಣಗೋ ಆ ಹುಳಿಹುಳಿ ವಾಸನೆ ಕಾರಿನೊಳಗೂ. ಒಂದು ತೋಟದಲ್ಲಿ ಇಳಿದು ನೋಡಿದ್ವಿ, ಒಬ್ಬ ಹುಡುಗ ಉದ್ದ ಹಿಡಿಯ ಹಲಗೇಲಿ ಕಾಫೀನ ಸಾಲು ಸಾಲಾಗಿ ತಿರುವ್ತಾ ಇದ್ದ, ಮಾತಾಡಿಸಿದ್ರೆ ಅಸ್ಸಾಂ ಕಡೆಯವನು.

ರಾಜರ ಕಾಲದಲ್ಲೇ ಅಲ್ಲಲ್ಲಿ ಗಿಡ ಇತ್ತಂತೆ, ಆದ್ರೆ ತೋಟ ಅಂತ ಶುರುವಾಗಿದ್ದು 1854ರಲ್ಲಿ, ಫೌಲರ್ ಅನ್ನೋ ಯುರೋಪಿಯನ್ ಮಡಿಕೇರೀಲಿ ಹಾಕಿದ್ದು. ಆಮೇಲೆ ಕಾಡು ಕಡಿಯೋದೇ ಕೆಲಸ. ನೆರಳಿನ ಮರಾನೂ ಬಿಡದೆ ಕಡಿದ ಕಡೆ ಕಾಂಡಕೊರಕ ಬಂದು ತೋಟಕ್ಕೆ ತೋಟವೇ ಒಣಗ್ತು, ಅದಾದ್ಮೇಲೆ ಎಲೆತುಕ್ಕು. ಅಷ್ಟೆಲ್ಲ ಆದ್ಮೇಲೆ ನೆರಳು ಬೇಕು ಅನ್ನೋದು ತಿಳೀತು. ಪಾಲಿಬೆಟ್ಟದಲ್ಲಿ ದೊರೆಗಳ ಬ್ಯಾಂಬೂ ಕ್ಲಬ್ ಈಗಲೂ ಇದೆ, ನಮಗೆ ಒಳಗೆ ಹೋಗೋ ಯೋಗ ಇರಲಿಲ್ಲ.

ಅಮ್ಮತ್ತಿ ಹತ್ರವೇ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ 1850ರ ದಶಕದಲ್ಲಿ ಆನಂದಪುರ ಅಂತ ಒಂದು ನೆಲೆ ಮಾಡಿದ್ದು, ಜೀತದಲ್ಲಿದ್ದ ಹೊಲೆಯರಿಗಾಗಿ. ಮಂಗಳೂರು ಸಮಾಚಾರ ಪತ್ರಿಕೆಯ ಅದೇ ಮೋಗ್ಲಿಂಗ್. ಕೊಡಗಿನ ಇತಿಹಾಸ ಅಂದ್ರೆ ರಾಜರು, ಕೋವಿ, ದೊರೆ ಅಂತಾನೇ ಎಲ್ಲರೂ ಬರೆಯೋದು. ಗದ್ದೆ ಉತ್ತೋರು, ತೋಟಕ್ಕೆ ಗುಂಡಿ ತೋಡಿದೋರು, ಎರವರು, ಕುರುಬರು, ಹೊಲೆಯರು, ಅವರಿಗೆ 1834ರಲ್ಲಿ ಧಣಿ ಬದಲಾದ್ರೋ ಇಲ್ವೋ? ನನ್ನ ಪ್ರಕಾರ ಹೆಚ್ಚೇನೂ ಇಲ್ಲ.

ಮಧ್ಯಾಹ್ನ ಅಪ್ಪನ ಹಳೇ ಸಹೋದ್ಯೋಗಿ ಒಬ್ಬರ ಮನೇಲಿ ಅಕ್ಕಿ ರೊಟ್ಟಿ ಊಟ. ಇಬ್ಬರೂ ಸೇರಿ ಜಮ್ಮಾ ಬಗ್ಗೆ ಎರಡು ಗಂಟೆ ಕೊರೆದ್ರು, ನಾನು ಮೊದಲು ಆಕಳಿಸ್ತಾ ಇದ್ದೋನು ಆಮೇಲೆ ಎದ್ದು ಕೂತೆ. ವಿಷಯ ಹೀಗೆ: ಲಿಂಗರಾಜ 1812ರ ಹೊತ್ತಿಗೆ ಇಡೀ ಕೊಡಗಿನ ಜಮೀನು ಅಳತೆ ಮಾಡಿಸಿ ಶಿಸ್ತು ಪುಸ್ತಕ, ಅಂದ್ರೆ ಕಂದಾಯದ ಲೆಕ್ಕ, ಬರೆಸಿದ್ದ. ಕೋವಿ ಹಿಡಿದು ಚಾಕರಿಗೆ ಬರೋರ ಜಮೀನು ಜಮ್ಮಾ, ಉಳಿದದ್ದು ಸಾಗು. 100 ಭಟ್ಟಿ ಗದ್ದೆಗೆ, ಅಂದ್ರೆ ಸುಮಾರು ಮೂರು ಎಕರೆಗೆ, ಸಾಗು ಕಂದಾಯ 10 ರೂಪಾಯಿ, ಜಮ್ಮಾದೋರಿಗೆ 5. ಗದ್ದೆ ಜೊತೆ ಸೊಪ್ಪು ಸೌದೆಗೆ ಅಂತ ಬಾಣೆ ಕಾಡು, ಕಂದಾಯ ಇಲ್ಲದೆ. ಇಂಗ್ಲಿಷರು ಈ ಲೆಕ್ಕ ಮುಟ್ಟಲಿಲ್ಲ, ಕಡತದ ಭಾಷೆ ಕನ್ನಡ, ಅದನ್ನೂ ಮುಟ್ಟಲಿಲ್ಲ. ಅದೇ ಅವರ ಜಾಣತನ. 1881ರಲ್ಲಿ ಮೈಸೂರನ್ನ ಒಡೆಯರಿಗೆ ವಾಪಸ್ ಕೊಟ್ಮೇಲೂ ಕೊಡಗನ್ನ ಕೊಡಲಿಲ್ಲ, ಬೆಂಗಳೂರಲ್ಲಿ ಕೂತ ರೆಸಿಡೆಂಟೇ ಕೊಡಗಿಗೆ ಚೀಫ್ ಕಮಿಷನರ್. 1924ರಲ್ಲಿ ಒಂದು ಪುಟ್ಟ ಲೆಜಿಸ್ಲೇಟಿವ್ ಕೌನ್ಸಿಲ್ ಆಯ್ತು, 15 ಜನ ಚುನಾಯಿತರು, 5 ನಾಮಕರಣ. 1956ರಲ್ಲಿ ಮೈಸೂರಿಗೆ ಸೇರೋವರೆಗೂ ಬೇರೆ ಸೀಮೆ.

ಆ ಸಹೋದ್ಯೋಗಿ ತಮ್ಮ ಒಕ್ಕದ, ಅಂದ್ರೆ ಕೂಡುಕುಟುಂಬದ ಪಹಣಿಯ ಜೆರಾಕ್ಸ್ ತೋರಿಸಿದ್ರು. ಪಟ್ಟೆದಾರನ, ಅಂದ್ರೆ ಕುಟುಂಬದ ಹಿರಿಯನ ಕಾಲಂನಲ್ಲಿ ಇನ್ನೂ ಮುತ್ತಜ್ಜನ ಹೆಸರು. "ಬ್ಯಾಂಕಿಗೆ ಹೋದ್ರೆ ಇವರ ಸೈನ್ ಬೇಕು ಅಂತಾರೆ ಮಾರಾಯ್ರೆ, ಎಲ್ಲಿಂದ ತರೋದು?" ಅಂದ್ರು. ಅಪ್ಪ ಬಿದ್ದು ಬಿದ್ದು ನಕ್ಕರು.

ರಾತ್ರಿ ಹೋಂಸ್ಟೇ ಯಜಮಾನರು ಮೊದಲ ದಿನದ ಪ್ರಶ್ನೆಗೆ ತಾವಾಗೇ ಉತ್ತರ ಕೊಟ್ರು. "1837ರಲ್ಲಿ ಘಟ್ಟದ ಕೆಳಗೆ ದಂಗೆ ಆದಾಗ ದಿವಾನ್ ಬೋಪು ಜೊತೆ ನಮ್ಮವರು ಹೋದದ್ದು ಕಂಪನಿ ಪರವಾಗಿ. ಚಿನ್ನದ ಮೆಡಲ್, ಬೆಳ್ಳಿ ಮೆಡಲ್ ಎಲ್ಲ ಕೊಟ್ರು. ಈಗ ನಮ್ಮ ಮಕ್ಕಳು ಕೇಳ್ತವೆ, ಅದು ಹೆಮ್ಮೆಯಾ ಅಂತ." ಸ್ವಲ್ಪ ಹೊತ್ತು ಬಿಟ್ಟು, "ನೀವು ನಾಳೆ ಕೆಳಗೆ ಹೋಗ್ತೀರಲ್ಲ, ಅವರ ಹತ್ರಾನೂ ಕೇಳಿ" ಅಂದ್ರು.

ಐದನೇ ದಿನ: ಘಟ್ಟ ಇಳಿದಿದ್ದು

ಸಂಪಾಜೆ ಘಾಟಿ ಇಳೀತಾ ಇದ್ದಂಗೆ ಸ್ವೆಟರ್ ತೆಗೆದ್ವಿ, ಅಡಿಕೆ ತೋಟ ಶುರುವಾಯ್ತು. ಸುಳ್ಯ, ಪುತ್ತೂರು ಕಡೆಯ ಈ ಅಮರಸುಳ್ಯ ಸೀಮೆ ರಾಜರ ಕಾಲದಲ್ಲಿ ಕೊಡಗಿಗೆ ಸೇರಿತ್ತು, 1834ರಲ್ಲಿ ಕಂಪನಿ ಒಂದೇ ಆರ್ಡರಲ್ಲಿ ಕೆನರಾ ಜಿಲ್ಲೆಗೆ ಹಾಕ್ತು. ಅಪ್ಪ ಈ ಕಥೆಗೇ ಐದು ದಿನ ಕಾದಿದ್ದು. ರಾಜನಿದ್ದಾಗ ರೈತ ಕಂದಾಯನ ಭತ್ತ ಅಕ್ಕಿ ರೂಪದಲ್ಲಿ ಅಳೆದು ಕೊಡಬಹುದಿತ್ತು, ಕೆನರಾಕ್ಕೆ ಸೇರಿದ ಮೇಲೆ ನಗದು ರೊಕ್ಕಾನೇ ಕಟ್ಟಬೇಕು. ಕೈಲಿ ರೊಕ್ಕ ಎಲ್ಲಿದೆ? ಕೊಯ್ಲು ಮುಗಿದ ತಕ್ಷಣ ಎಲ್ಲರೂ ಒಟ್ಟಿಗೆ ಮಾರೋಕೆ ಹೋದ್ರೆ ಸಾಹುಕಾರ ಹೇಳಿದ್ದೇ ರೇಟು, ಇಲ್ಲಾಂದ್ರೆ ಅವನ ಹತ್ರಾನೇ ಸಾಲ. ಮೇಲಿನ ಕೊಡಗಲ್ಲಿ ಹಳೇ ಲೆಕ್ಕ ಮುಟ್ಟದೇ ಇರೋ ಜಾಣತನ ತೋರಿಸಿದೋರು ಇಲ್ಲಿ ಮುಟ್ಟಿದ್ರು. ಮೂರೇ ವರ್ಷಕ್ಕೆ ದಂಗೆ.

1837ರ ಮಾರ್ಚ್ ಕೊನೇಲಿ ಬೆಳ್ಳಾರೆ ಖಜಾನೆ ಹಿಡಿದ್ರು. ಹಾಲೇರಿ ವಂಶದ ಕಲ್ಯಾಣಸ್ವಾಮಿ ಅಂತ ಹೇಳಿ ಪುಟ್ಟಬಸಪ್ಪ ಅನ್ನೋನನ್ನ ಮುಂದೆ ಇಟ್ಕೊಂಡು, ಕೆದಂಬಾಡಿ ರಾಮಯ್ಯಗೌಡರು, ಗುಡ್ಡೆಮನೆ ಅಪ್ಪಯ್ಯಗೌಡರು ಹೀಗೆ ಎಷ್ಟೋ ಜನ. ಒಂದು ಗುಂಪು ಮಂಗಳೂರಿಗೆ ಇಳೀತು, ಇನ್ನೊಂದು ಮಡಿಕೇರಿ ಕಡೆ ಹತ್ತಿತು. ಏಪ್ರಿಲ್ 5ಕ್ಕೆ ಮಂಗಳೂರು ಇವರ ಕೈಲಿ, ದೊರೆಗಳು ಹಡಗು ಹತ್ತಿ ಕಣ್ಣೂರಿಗೆ. ಹದಿಮೂರು ದಿನ ಇವರದೇ ಆಡಳಿತ. ಆಮೇಲೆ ಕಣ್ಣೂರಿಂದ ಸೈನ್ಯ ಬಂತು, ಮೇಲಿಂದ ಬೋಪು ದಿವಾನರ ಜನ ಇಳಿದ್ರು, ಮುಗೀತು. ಪುಟ್ಟಬಸಪ್ಪನ್ನ ಬಿಕರ್ನಕಟ್ಟೇಲಿ ಗಲ್ಲಿಗೆ ಹಾಕಿದ್ರು.

ಸುಳ್ಯದಲ್ಲಿ ನೀರುದೋಸೆ ತಿಂದ ಹೋಟೆಲಲ್ಲಿ ಕ್ಯಾಶ್ ಕೌಂಟರಿನ ಹಿರಿಯರನ್ನ ಕೇಳೇಬಿಟ್ಟೆ, ಕೊಡಗಿನೋರ ಮೇಲೆ ಸಿಟ್ಟಿಲ್ವಾ ಅಂತ. "ಸಿಟ್ಟು ಎಂತದ್ದು? ನನ್ನ ಮಗಳನ್ನೇ ಮಡಿಕೇರಿಗೆ ಕೊಟ್ಟದ್ದು" ಅಂದ್ರು. "ಆದ್ರೆ ನಮ್ಮ ಅಜ್ಜಿಯಂದಿರು ಇದಕ್ಕೆ ಕಲ್ಯಾಣಪ್ಪನ ಕಾಟಕಾಯಿ ಅಂತಿದ್ರು, ಏನೋ ಕಳ್ಳರ ದಂಡು ಬಂದ ಹಾಗೆ. ಸ್ವಾತಂತ್ರ್ಯ ಹೋರಾಟ ಅಂತ ನಾವು ಹೇಳ್ಲಿಕ್ಕೆ ಸುರು ಮಾಡಿದ್ದು ಈಚೆಗೆ." ಚಿಲ್ಲರೆ ಕೊಡ್ತಾ ಇಷ್ಟು ಹೇಳಿ ಮುಂದಿನ ಗಿರಾಕಿ ಕಡೆ ತಿರುಗಿದ್ರು.

ಮಂಗಳೂರಿಗೆ ಬಂದಾಗ ಸಂಜೆ ಐದು. ಬಾವುಟಗುಡ್ಡೆ, ಅವತ್ತು ಕಂಪನಿ ಬಾವುಟ ಇಳಿಸಿ ತಮ್ಮದು ಏರಿಸಿದ್ದು ಇಲ್ಲೇ. 2022ರಲ್ಲಿ ರಾಮಯ್ಯಗೌಡರ ಕಂಚಿನ ಪ್ರತಿಮೆ ನಿಲ್ಲಿಸಿದ್ದಾರೆ. ಸೆಖೆಗೆ ಅಪ್ಪನ ಶರ್ಟ್ ಬೆನ್ನಿಗೆ ಅಂಟಿಕೊಂಡಿತ್ತು. ಪ್ರತಿಮೆ ಮುಂದೆ ಕೈ ಹಿಂದೆ ಕಟ್ಕೊಂಡು, ಇನ್ಸ್‌ಪೆಕ್ಷನ್‌ಗೆ ಬಂದ ತಹಸೀಲ್ದಾರ್ ಎದುರು ನಿಂತಿರೋ ಹಾಗೆ ನಿಂತಿದ್ರು. ಏನೋ ದೊಡ್ಡ ಮಾತು ಹೇಳ್ತಾರೆ ಅಂತ ನಾನು ಕಾಯ್ತಾ ಇದ್ದೆ.

"ಆ ಹದಿಮೂರು ದಿನದ ಕಂದಾಯ ಯಾರು ವಸೂಲಿ ಮಾಡಿದ್ರೋ, ಯಾವ ಲೆಕ್ಕಕ್ಕೆ ಜಮಾ ಆಯ್ತೋ" ಅಂದ್ರು.

ಆಮೇಲೆ ಕರವಸ್ತ್ರದಲ್ಲಿ ಮುಖ ಒರೆಸ್ಕೊಂಡು, ಗಡ್‌ಬಡ್ ಐಸ್‌ಕ್ರೀಮ್ ಇಲ್ಲೇ ಎಲ್ಲೋ ಸಿಗುತ್ತಂತಲ್ಲ ನಡಿ ಅಂತ, ಶುಗರ್ ಇದ್ರೂ ತಿಂದಿದ್ದನ್ನ ಅಮ್ಮಂಗೆ ಹೇಳಬೇಡ ಅನ್ನೋ ಥರ ನನ್ನ ಕಡೆ ನೋಡಿ, ಇಳಿಜಾರಲ್ಲಿ ನನಗಿಂತ ಮುಂದೆ ಇಳಿದ್ರು.